ಸೋರುವ ಸ್ಟೀರಿಂಗಿಗೆ ಬಾಟಲಿ ಮದ್ದು: ರಿಪೇರಿಯಲ್ಲ ಸ್ವಾಮಿ, ಇದು ವಾಯಿದೆ!

ಬೆಳಿಗ್ಗೆ ಕಾರು ಆಚೆ ತೆಗೆದಿರಿ. ಅದು ನಿಂತಿದ್ದ ಜಾಗದಲ್ಲಿ ಅಂಗೈಯಗಲದ ಕೆಂಪು ಕಲೆ. ನಿನ್ನೆಯೂ ಇತ್ತು, ಮೊನ್ನೆಯೂ ಇತ್ತು. ಮನೆ ಓನರ್ರು "ಟೈಲ್ಸ್ ಹಾಳಾಯ್ತು ಕಣ್ರೀ" ಎಂದು ಗೊಣಗುವವರೆಗೂ ನೀವು ನೋಡಿಯೂ ನೋಡದ ಹಾಗಿದ್ದಿರಿ. ಗ್ಯಾರೇಜಿಗೆ ಹೋದರೆ ಮೆಕ್ಯಾನಿಕ್ ಬಾನೆಟ್ ಎತ್ತಿ, ಒಂದು ಸಲ ಬಗ್ಗಿ ನೋಡಿ, ಎರಡು ದಾರಿ ಹೇಳುತ್ತಾನೆ. "ರ‍್ಯಾಕ್ ಬಿಚ್ಚಬೇಕು ಸಾರ್, ಸಾವಿರಗಟ್ಟಲೆ ಆಗುತ್ತೆ. ಇಲ್ಲಾಂದ್ರೆ ಒಂದು ಬಾಟಲಿ ಮದ್ದಿದೆ, ಸುರಿದ್ರೆ ಲೀಕ್ ನಿಲ್ಲುತ್ತೆ."

ಗೆಳೆಯರೇ, ತಿಂಗಳ ಕೊನೆಯ ವಾರದಲ್ಲಿ ಈ ಎರಡು ದಾರಿ ಎದುರಿಗೆ ನಿಂತರೆ ನೀವು ಯಾವುದನ್ನು ಹಿಡಿಯುತ್ತೀರಿ ಎಂದು ನಾನೇನೂ ಜ್ಯೋತಿಷ್ಯ ಹೇಳಬೇಕಾಗಿಲ್ಲ. ನಾನೂ ಅದನ್ನೇ ಹಿಡಿಯುತ್ತಿದ್ದೆ.

ಆ ಬಾಟಲಿಯೊಳಗೆ ಏನಿದೆ, ಅದು ಏನು ಮಾಡುತ್ತದೆ, ಏನು ಮಾಡಲಾರದು ಎಂಬುದನ್ನು ಬಿಡಿಸಿ ಹೇಳಲು ಈ ಬರಹ. ಬಾಟಲಿ ಶುದ್ಧ ಮೋಸ ಎನ್ನುವವರಿದ್ದಾರೆ. ಬಾಟಲಿಯೇ ಸಂಜೀವಿನಿ ಎನ್ನುವವರೂ ಇದ್ದಾರೆ. ಇಬ್ಬರೂ ಅರ್ಧ ಸುಳ್ಳು. ಕೋರ್ಟಿನಲ್ಲಿ ವಾಯಿದೆ ಎನ್ನುತ್ತಾರಲ್ಲ, ಬಾಟಲಿಯಲ್ಲಿ ಸಿಗುವುದು ಅದು. ಕೇಸು ಗೆದ್ದಂತಲ್ಲ, ಮುಂದಿನ ತಾರೀಖು ಸಿಕ್ಕಂತೆ. ವಾಯಿದೆ ತೆಗೆದುಕೊಳ್ಳುವುದು ತಪ್ಪಲ್ಲ. ವಾಯಿದೆಯನ್ನೇ ತೀರ್ಪು ಎಂದು ತಿಳಿಯುವುದು ತಪ್ಪು. ವಾಯಿದೆಯನ್ನು ತೀರ್ಪು ಎಂದು ಇನ್ನೊಬ್ಬನಿಗೆ ಮಾರುವುದು ಮಹಾಮೋಸ!

ಚಾರ್ಮಾಡಿಯಲ್ಲಿ ಕಲಿತ ಪಾಠ

ಮೊದಲು ನನ್ನ ಕಥೆ ಕೇಳಿ. ಕೆಲವು ವರ್ಷಗಳ ಹಿಂದೆ ೨೦೦೪ರ ಮಾದರಿಯ ಹಳೆಯ ಕಾರೊಂದನ್ನು ಕೊಂಡೆ. ಮಾರಿದವನು ಬಾನೆಟ್ ಎತ್ತಿ ತೋರಿಸಿದಾಗ ಇಂಜಿನ್ ಮದುಮಗನಂತೆ ಹೊಳೆಯುತ್ತಿತ್ತು. ಕೆಳಗೆ ಒಂದು ಹನಿ ಎಣ್ಣೆ ಇಲ್ಲ. ನನಗೆ ಖುಷಿಯೋ ಖುಷಿ. ಇಷ್ಟು ವಯಸ್ಸಿನ ಕಾರು ಇಷ್ಟು ಒಣಗಿರುವುದು ಹೇಗೆ ಎಂದು ಕೇಳುವ ಬುದ್ಧಿ ಆಗ ಇರಲಿಲ್ಲ.

ಮೂರು ತಿಂಗಳು ಸುಖವಾಗಿ ಓಡಿತು. ನಾಲ್ಕನೆಯ ತಿಂಗಳು ಅಮ್ಮನನ್ನು ಕೂರಿಸಿಕೊಂಡು ಧರ್ಮಸ್ಥಳಕ್ಕೆ ಹೊರಟೆ. ಹಾಸನ, ಬೇಲೂರು, ಮೂಡಿಗೆರೆ ದಾಟಿ ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದೆವು. ಅಲ್ಲಿ ಕಾರು ತಿರುಗಿಸುವಾಗ ಮುಂದಿನಿಂದ 'ಕುಂಯ್ಯ್' ಎಂಬ ಸದ್ದು. ನಾಯಿಮರಿ ನರಳಿದ ಹಾಗೆ. ಬೆಲ್ಟ್ ಇರಬೇಕು ಎಂದುಕೊಂಡು ಘಾಟಿ ಇಳಿಸಿದೆ.

ನಾಲ್ಕಾರು ತಿರುವು ಸರಿಯಾಗಿ ಹೋಯಿತು. ಆಮೇಲೆ ಒಂದು ಹಿಮ್ಮುರಿ ತಿರುವಿನಲ್ಲಿ, ಎದುರಿಗೆ ಬಸ್ಸು ಹತ್ತಿ ಬರುತ್ತಿರುವಾಗ, ಸ್ಟೀರಿಂಗ್ ಕಲ್ಲಾಯಿತು. ಅರ್ಧ ತಿರುಗಿದ್ದು ಮುಂದಕ್ಕೆ ಬರಲೊಲ್ಲದು. ಎರಡೂ ಕೈಯಲ್ಲಿ, ಮೈಭಾರವನ್ನೆಲ್ಲ ಹಾಕಿ ಎಳೆದೆ. ಬಸ್ಸಿನ ಡ್ರೈವರ್ ಪುಣ್ಯಾತ್ಮ, ಸ್ಥಿತಿ ನೋಡಿ ಅಲ್ಲೇ ನಿಲ್ಲಿಸಿದ. ಇಲ್ಲದಿದ್ದರೆ ಈ ಬರಹವೂ ಇಲ್ಲ, ನಾನೂ ಇಲ್ಲ. ಹಿಂದಿನ ಸೀಟಿನಲ್ಲಿ ಅಮ್ಮ ಮಂಜುನಾಥನ ಹೆಸರು ಹೇಳುತ್ತಿದ್ದದ್ದು ಈಗಲೂ ಕಿವಿಯಲ್ಲಿದೆ.

ಉಜಿರೆಯಲ್ಲಿ ಒಬ್ಬ ಹಿರಿಯ ಮೆಕ್ಯಾನಿಕ್ ಕಾರಿನಡಿ ಮಲಗಿ, ಮುಂದಿನ ಚಕ್ರದ ಹಿಂದಿರುವ ರಬ್ಬರ್ ಬೂಟನ್ನು ಹಿಂಡಿದರು. ಅದರೊಳಗಿಂದ ಎಣ್ಣೆ ಬಳಬಳ ಸುರಿಯಿತು. ಬೆರಳಿಗೆ ಹಚ್ಚಿ ತಿಕ್ಕಿ ನೋಡಿದರು. ಜೋನಿಬೆಲ್ಲದ ಹಾಗೆ ಅಂಟಂಟು. "ಇದಕ್ಕೆ ಮೊದಲೇ ಮದ್ದು ಹಾಕಿ ಆಗಿದೆ ಮಾರಾಯ್ರೆ. ಇನ್ನು ಹಾಕಿ ಪ್ರಯೋಜನ ಇಲ್ಲ. ಕಾರು ಇಲ್ಲೇ ಬಿಟ್ಟು ಹೋಗಿ, ಸೀಲ್ ಕಿಟ್ ತರಿಸಿ ಹಾಕುವ" ಎಂದರು. ನಾವು ಬಸ್ಸು ಹತ್ತಿ ಬೆಂಗಳೂರಿಗೆ ಬಂದೆವು.

ಮಾರಿದವನಿಗೆ ಫೋನು ಮಾಡಿ ಕೇಳಿದೆ. ಅವನ ಉತ್ತರ ಏನು ಗೊತ್ತೇ? "ನೀವು ತಗೊಂಡಾಗ ಲೀಕ್ ಇರಲಿಲ್ಲವಲ್ಲ ಸಾರ್!" ಸತ್ಯವೇ. ಇರಲಿಲ್ಲ. ಮೂರು ತಿಂಗಳ ವಾಯಿದೆಯನ್ನು ಅವನು ಕೊಂಡಿದ್ದ, ತೀರ್ಪನ್ನು ನನ್ನ ತಲೆಗೆ ಕಟ್ಟಿದ್ದ.

ಸ್ಟೀರಿಂಗಿನೊಳಗೆ ಎಣ್ಣೆಗೇನು ಕೆಲಸ?

ಈಗ ವಿಷಯಕ್ಕೆ ಬರೋಣ. ಹೊಸ ಸಣ್ಣ ಕಾರುಗಳಲ್ಲಿ ಸ್ಟೀರಿಂಗನ್ನು ಹಗುರ ಮಾಡುವುದು ವಿದ್ಯುತ್ ಮೋಟಾರು. ಈ ಪದ್ಧತಿ ೧೯೮೮ರಲ್ಲಿ ಜಪಾನಿನ ಸುಜುಕಿ ಸರ್ವೋ ಕಾರಿನಲ್ಲಿ ಬಂತು. ಅದರಲ್ಲಿ ಎಣ್ಣೆಯೇ ಇಲ್ಲ, ಹಾಗಾಗಿ ಸೋರುವುದೂ ಇಲ್ಲ. ಆದರೆ ಹಳೆಯ ಆಕ್ಸೆಂಟ್, ಹಳೆಯ ಹೋಂಡಾ ಸಿಟಿ, ಐಕಾನ್, ಕ್ವಾಲಿಸ್, ಮೊದಲ ತಲೆಮಾರಿನ ಇನ್ನೋವಾ, ಸ್ಕಾರ್ಪಿಯೋ ಇವೆಲ್ಲ ಎಣ್ಣೆಯ ಒತ್ತಡದಲ್ಲಿ ಸ್ಟೀರಿಂಗ್ ತಿರುಗಿಸುವ ಗಾಡಿಗಳು. ಸೆಕೆಂಡ್ ಹ್ಯಾಂಡ್ ಬಜಾರಿನಲ್ಲಿ ನಿಮ್ಮಂಥ ತರುಣರ ಕೈಗೆಟಕುವ ದೊಡ್ಡ ಕಾರು ಎಂದರೆ ಬಹುಪಾಲು ಇಂಥವೇ.

ಈ ಯಂತ್ರದ ತಂದೆ ಅಮೆರಿಕದ ಇಂಜಿನಿಯರ್ ಫ್ರಾನ್ಸಿಸ್ ಡೇವಿಸ್. ಅವನು ೧೯೨೬ರಲ್ಲಿ ಪಿಯರ್ಸ್-ಆರೋ ಕಾರಿಗೆ ಇದನ್ನು ಜೋಡಿಸಿ ಓಡಿಸಿ ತೋರಿಸಿದ. ಅಂಗಡಿಗೆ ಬರಲು ಕಾಲು ಶತಮಾನ ಹಿಡಿಯಿತು: ೧೯೫೧ರ ಕ್ರೈಸ್ಲರ್ ಇಂಪೀರಿಯಲ್. ಸೋರಿಕೆ ಅವನಿಗೂ ತಲೆನೋವೇ. ಎಣ್ಣೆ ಸದಾ ಒತ್ತಡದಲ್ಲಿದ್ದರೆ ಎಲ್ಲಾದರೂ ಸಂದು ಹುಡುಕಿಯೇ ಹುಡುಕುತ್ತದೆ. ಅದಕ್ಕೆ ಅವನು ಮಾಡಿದ ಉಪಾಯ ಸರಳ. ಎಣ್ಣೆ ಸುಮ್ಮನೆ ಸುತ್ತುತ್ತಿರಲಿ, ಚಕ್ರ ತಿರುಗಿಸಿದಾಗ ಮಾತ್ರ ಒತ್ತಡ ಏರಲಿ. ಇವತ್ತಿಗೂ ನಿಮ್ಮ ಕಾರು ನಡೆಯುವುದು ಹಾಗೆಯೇ.

ಇಂಜಿನ್ ಬೆಲ್ಟಿನಿಂದ ಒಂದು ಪಂಪ್ ತಿರುಗುತ್ತದೆ. ಅದು ಸಣ್ಣ ಡಬ್ಬಿಯಿಂದ ಎಣ್ಣೆ ಹೀರಿ, ಗಟ್ಟಿ ಪೈಪಿನಲ್ಲಿ ರ‍್ಯಾಕಿಗೆ ತಳ್ಳುತ್ತದೆ. ರ‍್ಯಾಕ್ ಎಂದರೆ ಎರಡು ಚಕ್ರಗಳ ನಡುವೆ ಅಡ್ಡ ಮಲಗಿರುವ ಹಲ್ಲಿನ ಸಲಾಕೆ ಮತ್ತು ಅದರ ಕೊಳವೆ. ನೀವು ಬಲಕ್ಕೆ ತಿರುಗಿಸಿದರೆ ಎಣ್ಣೆ ಸಲಾಕೆಯನ್ನು ಒಂದು ಕಡೆಗೆ ನೂಕುತ್ತದೆ, ಎಡಕ್ಕೆ ತಿರುಗಿಸಿದರೆ ಇನ್ನೊಂದು ಕಡೆಗೆ. ಕೆಲಸ ಮುಗಿಸಿದ ಎಣ್ಣೆ ಮೆತ್ತನೆಯ ರಬ್ಬರ್ ಪೈಪಿನಲ್ಲಿ ಡಬ್ಬಿಗೆ ವಾಪಸು.

ಒತ್ತಡ ಎಷ್ಟು? ನಿಮ್ಮ ಟೈರಿಗೆ ಬಂಕಿನಲ್ಲಿ ಹಾಕಿಸುವ ಗಾಳಿ ಸುಮಾರು ೩೦ ಪೌಂಡ್. ಸ್ಟೀರಿಂಗನ್ನು ಪೂರ್ತಿ ತಿರುಗಿಸಿದಾಗ ಆ ಪೈಪಿನೊಳಗೆ ಅದೇ ಲೆಕ್ಕದಲ್ಲಿ ೧,೦೦೦ ಪೌಂಡ್ ದಾಟುತ್ತದೆ! ಅದನ್ನು ತಡೆದು ನಿಲ್ಲಿಸಿರುವುದು ಬೆರಳುಂಗುರದಷ್ಟು ತೆಳುವಾದ ರಬ್ಬರ್ ಸೀಲುಗಳು. ಇಪ್ಪತ್ತು ವರ್ಷ ಬಿಸಿ ಎಣ್ಣೆಯಲ್ಲಿ ಬೆಂದ ರಬ್ಬರು.

ಕುಕ್ಕರ್ ಗ್ಯಾಸ್ಕೆಟ್ಟಿನ ನ್ಯಾಯ

ನಿಮ್ಮ ಮನೆಯ ಕುಕ್ಕರ್ ನೋಡಿ. ಹೊಸ ಗ್ಯಾಸ್ಕೆಟ್ ಮೆತ್ತಗೆ, ಎಳೆದರೆ ಹಿಗ್ಗುತ್ತದೆ. ಒಂದೆರಡು ವರ್ಷ ಬಿಸಿ ತಿಂದ ಮೇಲೆ ಗಟ್ಟಿಯಾಗುತ್ತದೆ. ಆಗ ವಿಷಲ್ ಬರುವ ಬದಲು ಪಕ್ಕದಿಂದ ಹಬೆ ಬರುತ್ತದೆ. ಕಾರಿನ ಸೀಲಿನದೂ ಅದೇ ಹಣೆಬರಹ. ರಬ್ಬರನ್ನು ಮೆತ್ತಗಿಟ್ಟಿದ್ದ ಪದಾರ್ಥ ಬಿಸಿಗೆ ಇಂಗಿಹೋಗಿ ಸೀಲು ಗಡುಸಾಗುತ್ತದೆ, ಕೂದಲೆಳೆಯಷ್ಟು ಕುಗ್ಗುತ್ತದೆ. ಎಣ್ಣೆಗೆ ಅಷ್ಟು ಸಂದು ಸಾಕು.

ಬಾಟಲಿಯ ಮದ್ದು ಇಲ್ಲಿ ಕೆಲಸ ಮಾಡುತ್ತದೆ. ಅದರಲ್ಲಿರುವ ರಾಸಾಯನಿಕ ರಬ್ಬರಿನೊಳಗೆ ಇಳಿದು ಅದನ್ನು ಉಬ್ಬಿಸುತ್ತದೆ, ತುಸು ಮೆತ್ತಗೆ ಮಾಡುತ್ತದೆ. ಒಣ ಕಡಲೆಯನ್ನು ರಾತ್ರಿ ನೀರಿಗೆ ಹಾಕಿದ ಹಾಗೆ. ಉಬ್ಬಿದ ಸೀಲು ಸಂದನ್ನು ಮತ್ತೆ ಮುಚ್ಚುತ್ತದೆ. ಇದು ಮಂತ್ರವಲ್ಲ, ರಸಾಯನಶಾಸ್ತ್ರ. ಸುರಿದ ಮರುಗಳಿಗೆ ಆಗುವಂಥದ್ದೂ ಅಲ್ಲ. ಎಣ್ಣೆ ಬಿಸಿಯಾಗಿ ಸುತ್ತಾಡಬೇಕು. ಕೆಲವು ದಿನ ಗಾಡಿ ಓಡಿದ ಮೇಲಷ್ಟೇ ಫಲ ಕಾಣುತ್ತದೆ.

ಬಾಟಲಿಗಳಲ್ಲಿ ಇನ್ನೊಂದು ಜಾತಿಯಿದೆ. ಅದು ಎಣ್ಣೆಯನ್ನೇ ಮಂದ ಮಾಡುತ್ತದೆ. ಮಜ್ಜಿಗೆ ಸೋರುವ ತೂತಿನಲ್ಲಿ ಮೊಸರು ನಿಧಾನ ಇಳಿಯುತ್ತದಲ್ಲ, ಅದೇ ತಂತ್ರ. ಸೋರಿಕೆ ಕಮ್ಮಿಯಾದಂತೆ ಕಾಣುತ್ತದೆ. ಆದರೆ ಮಂದ ಎಣ್ಣೆಯನ್ನು ಹೀರಲು ಪಂಪ್ ಒದ್ದಾಡುತ್ತದೆ. ಚಳಿಗಾಲದ ಬೆಳಿಗ್ಗೆ ಸ್ಟೀರಿಂಗ್ ಭಾರವಾಗಿ ನರಳುತ್ತದೆ. ಹಾಗಾಗಿ ಬಾಟಲಿ ಕೊಳ್ಳುವ ಮೊದಲು ಅದು ಉಬ್ಬಿಸುವ ಜಾತಿಯೋ ಮಂದ ಮಾಡುವ ಜಾತಿಯೋ ಓದಿ ನೋಡಿ.

ಉಬ್ಬಿಸುವುದಕ್ಕೂ ಒಂದು ಮಿತಿಯಿದೆ. ಹೆಚ್ಚು ಸುರಿದರೆ ಹೆಚ್ಚು ಗುಣ ಎಂದು ಎರಡೆರಡು ಬಾಟಲಿ ಹೊಯ್ಯುವವರಿದ್ದಾರೆ. ಅತಿಯಾಗಿ ನೆಂದ ರಬ್ಬರು ಅಂಬಲಿಯಾಗುತ್ತದೆ. ತಿರುಗುವ ಲೋಹಕ್ಕೆ ಉಜ್ಜಿಕೊಂಡು ಬೇಗ ಸವೆಯುತ್ತದೆ. ಆಮೇಲಿನ ಸೋರಿಕೆ ಮೊದಲಿನದಕ್ಕಿಂತ ಜೋರು.

ಎತ್ತಿಗೆ ಜ್ವರ, ಎಮ್ಮೆಗೆ ಬರೆ

ಎಲ್ಲಕ್ಕಿಂತ ದೊಡ್ಡ ತಪ್ಪು ಯಾವುದು ಗೊತ್ತೇ? ಎಲ್ಲಿ ಸೋರುತ್ತಿದೆ ಎಂದು ನೋಡದೆ ಬಾಟಲಿ ಸುರಿಯುವುದು. ಸೋರುವ ಜಾಗ ಐದಾರಿವೆ. ಮದ್ದು ನಾಟುವುದು ಒಂದೆರಡಕ್ಕೆ ಮಾತ್ರ.

ವಾಪಸು ಪೈಪಿನ ಕ್ಲಿಪ್ ಸಡಿಲಾಗಿದ್ದರೆ ಹೊಸ ಕ್ಲಿಪ್ ಹಾಕಿದರೆ ಮುಗಿಯಿತು. ಮದ್ದು ಕುಡಿಸಿದರೆ ಕ್ಲಿಪ್ ಬಿಗಿಯಾಗುವುದಿಲ್ಲ.

ಒತ್ತಡದ ಪೈಪ್ ಉಬ್ಬಿದ್ದರೆ, ಬಿರುಕು ಬಿಟ್ಟಿದ್ದರೆ, ಲೋಹದ ತುದಿಯಲ್ಲಿ ಜಿನುಗುತ್ತಿದ್ದರೆ ಬಾಟಲಿಯ ಮಾತೇ ಆಡಬೇಡಿ. ಸಾವಿರ ಪೌಂಡ್ ಒತ್ತಡದಲ್ಲಿ ಅದು ಒಂದು ದಿನ ಸಿಡಿಯುತ್ತದೆ. ಸಿಡಿದ ಎಣ್ಣೆ ಕೆಂಡದಂತೆ ಕಾದ ಸೈಲೆನ್ಸರ್ ಪೈಪಿನ ಮೇಲೆ ಬಿದ್ದರೆ ಹೊಗೆ. ದುರದೃಷ್ಟವಿದ್ದರೆ ಬೆಂಕಿ. ಪೈಪ್ ಬದಲಿಸುವುದೊಂದೇ ದಾರಿ.

ಡಬ್ಬಿಯಿಂದ ಎಣ್ಣೆ ಹೀರುವ ಕಡೆ ಇರುವ ಓ-ರಿಂಗ್ ಗಟ್ಟಿಯಾದರೆ ಎಣ್ಣೆ ಹೊರಗೆ ಬರುವುದಕ್ಕಿಂತ ಗಾಳಿ ಒಳಗೆ ಹೋಗುವುದೇ ಜಾಸ್ತಿ. ಪಂಪ್ ಕಿರುಚುತ್ತದೆ, ಎಣ್ಣೆ ನೊರೆಯಾಗುತ್ತದೆ. ಹೋಂಡಾ ಕಾರುಗಳಲ್ಲಿ ಇದು ಹೆಸರುವಾಸಿ ಕಾಯಿಲೆ. ಚಿಲ್ಲರೆ ಕಾಸಿನ ರಬ್ಬರ್ ಉಂಗುರ ಬದಲಿಸಿದರೆ ಗುಣ. ಅದನ್ನು ನೋಡದೆ "ಪಂಪೇ ಹೋಗಿದೆ" ಎಂದು ಪಂಪ್ ಬದಲಿಸಿ ಬಿಲ್ ಹರಿಯುವವರಿಗೂ ಕೊರತೆಯಿಲ್ಲ!

ಪಂಪಿನ ಶಾಫ್ಟ್ ಸೀಲ್, ರ‍್ಯಾಕಿನ ತುದಿಯ ಸೀಲ್, ಸ್ಟೀರಿಂಗ್ ಕಂಬಿ ರ‍್ಯಾಕಿಗೆ ಸೇರುವ ಕಡೆಯ ಸೀಲ್ ಈ ಮೂರೂ ಗಟ್ಟಿಯಾಗಿ ನಿಧಾನ ಜಿನುಗುತ್ತಿದ್ದರೆ ಮದ್ದು ನಾಟುವ ಸಾಧ್ಯತೆಯಿದೆ. ಸೀಲು ಹರಿದಿದ್ದರೆ, ಸಲಾಕೆಗೆ ತುಕ್ಕು ಹಿಡಿದು ಅದು ಸೀಲನ್ನು ಗೀರುತ್ತಿದ್ದರೆ ಇಲ್ಲ. ಹರಿದ ಪಂಚೆಯನ್ನು ನೆನೆಸಿಟ್ಟರೆ ಕೂಡಿಕೊಳ್ಳುತ್ತದೆಯೇ?

ನೀವೇ ನೋಡಿ, ಯಾರ ಹಂಗೂ ಬೇಡ

ಇದನ್ನು ಕಂಡುಹಿಡಿಯಲು ಇಂಜಿನಿಯರಿಂಗ್ ಡಿಗ್ರಿ ಬೇಕಿಲ್ಲ. ಹಳೆಯ ರಟ್ಟಿನ ಡಬ್ಬಿ ಬಿಚ್ಚಿ ರಾತ್ರಿ ಕಾರಿನ ಕೆಳಗೆ ಹಾಸಿ. ಬೆಳಿಗ್ಗೆ ಹನಿ ಎಲ್ಲಿ ಬಿದ್ದಿದೆ, ಯಾವ ಬಣ್ಣ ನೋಡಿ. ಬಣ್ಣವಿಲ್ಲದ ನೀರಾದರೆ ಅದು ಎ.ಸಿ.ಯದು, ನೆಮ್ಮದಿಯಾಗಿರಿ. ಕಂದು ಅಥವಾ ಕಪ್ಪು ಜಿಡ್ಡಾದರೆ ಇಂಜಿನ್ ಆಯಿಲ್ ಇರಬಹುದು. ತೆಳು ಕೆಂಪಾದರೆ ಸ್ಟೀರಿಂಗ್ ಎಣ್ಣೆ ಇರುವ ಸಂಭವ ಹೆಚ್ಚು. ಆದರೆ ಹಳತಾದ ಸ್ಟೀರಿಂಗ್ ಎಣ್ಣೆಯೂ ಕಪ್ಪಾಗುತ್ತದೆ, ಹಾಗಾಗಿ ಬಣ್ಣವೊಂದನ್ನೇ ನಂಬಬೇಡಿ.

ಡಬ್ಬಿಯ ಮೇಲೆ ಎಣ್ಣೆಯ ಮಟ್ಟಕ್ಕೆ ಸರಿಯಾಗಿ ಒಂದು ಚೂರು ಟೇಪ್ ಅಂಟಿಸಿ ತಾರೀಖು ಬರೆಯಿರಿ. ವಾರ ಬಿಟ್ಟು, ಕಾರು ತಣ್ಣಗಿರುವಾಗ ನೋಡಿ. ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕ ಬರೆಯುವ ಹಾಗೆ ಇದನ್ನೂ ಬರೆದಿಡಿ. ಆಮೇಲೆ ಇಂಜಿನ್ ಕೆಳಭಾಗ ಒರೆಸಿ ಒಣಗಿಸಿ. ಗೆಳೆಯನೊಬ್ಬನನ್ನು ಕೂರಿಸಿ, ಗಾಡಿ ನಿಂತಲ್ಲೇ ಸ್ಟೀರಿಂಗ್ ಆಚೀಚೆ ತಿರುಗಿಸಲು ಹೇಳಿ, ಟಾರ್ಚ್ ಹಿಡಿದು ಬಾನೆಟ್ ಒಳಗೆ ನೋಡಿ. ತಿರುಗುವ ಬೆಲ್ಟಿನ ಹತ್ತಿರ ಕೈ ಬೇಡ. ಇಂಜಿನ್ ಆಫ್ ಮಾಡಿದ ಮೇಲೆ ರ‍್ಯಾಕಿನ ಎರಡೂ ಕಡೆಯ ರಬ್ಬರ್ ಬೂಟ್ ಮೆಲ್ಲಗೆ ಹಿಂಡಿ ನೋಡಿ. ಒಳಗೆ ಎಣ್ಣೆ ತುಂಬಿದ್ದರೆ ರ‍್ಯಾಕ್ ಸೀಲ್ ಹೋಗಿದೆ. ಬರೀ ಜ್ಯಾಕ್ ಮೇಲೆ ನಿಂತ ಕಾರಿನಡಿ ತಲೆ ಹಾಕಬೇಡಿ. ಗ್ಯಾರೇಜಿನ ಗುಂಡಿಯ ಮೇಲೆ ನಿಲ್ಲಿಸಿ ನೋಡಿಸಿ.

ಈ ಲೆಕ್ಕ ನಿಮ್ಮ ಕೈಯಲ್ಲಿದ್ದರೆ ಗ್ಯಾರೇಜಿನಲ್ಲಿ ನೀವು ಕುರಿಯಲ್ಲ, ಗಿರಾಕಿ. "ಏನೋ ಸೋರ್ತಿದೆ ನೋಡಿ" ಎನ್ನುವವನಿಗೆ ಹೇಳುವ ರೇಟೇ ಬೇರೆ. "ಎಡಗಡೆ ಬೂಟ್‌ನಲ್ಲಿ ಎಣ್ಣೆಯಿದೆ, ತಿಂಗಳಿಗೆ ಇಷ್ಟು ಇಳಿಯುತ್ತಿದೆ" ಎನ್ನುವವನಿಗೆ ಹೇಳುವ ರೇಟೇ ಬೇರೆ.

ಇವನ್ನು ಮಾತ್ರ ಸುರಿಯಬೇಡಿ

ಕೆಲವು ಕಡೆ ಇನ್ನೊಂದು ನಾಟಿ ಮದ್ದು ನಡೆಯುತ್ತದೆ: ಸ್ಟೀರಿಂಗ್ ಡಬ್ಬಿಗೆ ಒಂದಿಷ್ಟು ಬ್ರೇಕ್ ಆಯಿಲ್ ಬೆರೆಸುವುದು. ಬ್ರೇಕ್ ಆಯಿಲ್ ರಬ್ಬರನ್ನು ಉಬ್ಬಿಸುವುದು ನಿಜ, ಹಾಗಾಗಿ ಎರಡು ದಿನ ಸೋರಿಕೆ ನಿಲ್ಲುವುದೂ ನಿಜ. ಆದರೆ ಸ್ಟೀರಿಂಗಿನ ಸೀಲುಗಳಿಗೆ ಅದು ವಿಷ. ಪಂಪನ್ನು ಜಾರಿಸುವ ಜಿಡ್ಡೂ ಅದಕ್ಕಿಲ್ಲ. ಎರಡು ದಿನದ ಸುಖಕ್ಕೆ ಇಡೀ ಯಂತ್ರವೇ ಬಲಿ.

ಇದರ ತಿರುಗುಮುರುಗು ಇನ್ನೂ ಭಯಂಕರ. ಸ್ಟೀರಿಂಗ್ ಎಣ್ಣೆಯಾಗಲಿ, ಈ ಬಾಟಲಿ ಮದ್ದಾಗಲಿ ಅಪ್ಪಿತಪ್ಪಿ ಬ್ರೇಕ್ ಡಬ್ಬಿಗೆ ಬಿದ್ದರೆ ಬ್ರೇಕಿನ ರಬ್ಬರುಗಳು ಉಬ್ಬಿ ಬ್ರೇಕ್ ಕೈಕೊಡುತ್ತದೆ. ಬಾನೆಟ್ ಒಳಗೆ ಎರಡು ಡಬ್ಬಿಗಳೂ ಅಕ್ಕಪಕ್ಕದಲ್ಲಿರುವ ಕಾರುಗಳಿವೆ. ಮುಚ್ಚಳ ತೆಗೆಯುವ ಮೊದಲು ಮೇಲಿನ ಗುರುತು ಓದಿ. ತಪ್ಪಿ ಬಿದ್ದರೆ ಗಾಡಿ ಅಲ್ಲೇ ನಿಲ್ಲಿಸಿ, ಓಡಿಸಲೇಬೇಡಿ.

ಎಣ್ಣೆಯೂ ಎಲ್ಲಕ್ಕೂ ಒಂದೇ ಅಲ್ಲ. ಕೆಲವು ಕಾರಿಗೆ ಕೆಂಪು ಎಟಿಎಫ್ ಎಣ್ಣೆ, ಕೆಲವು ಹ್ಯುಂಡೈಗೆ ಪಿಎಸ್‌ಎಫ್-೩, ಹೋಂಡಾಕ್ಕೆ ಅದರದೇ ಎಣ್ಣೆ. ಡಬ್ಬಿಯ ಮುಚ್ಚಳದ ಮೇಲೆ, ಕಾರಿನ ಕೈಪಿಡಿಯಲ್ಲಿ ಬರೆದಿರುತ್ತದೆ. "ಎಲ್ಲಾ ಒಂದೇ ಸಾರ್" ಎನ್ನುವವನಿಗೆ ಕೈ ಮುಗಿದು ಆಚೆ ಬನ್ನಿ.

ಬಡವನ ಕಾರಿಗೆ ಬಾಟಲಿ ಬೇಡವೇ?

ನನಗೆ ಗೊತ್ತು, ನಿಮ್ಮಲ್ಲೊಬ್ಬರು ಈಗ ಕೇಳುತ್ತೀರಿ: "ಬುದ್ಧಿ ಹೇಳೋದು ಸುಲಭ. ಕಾರಿನ ಬೆಲೆಯೇ ಲಕ್ಷದ ಒಳಗೆ. ರ‍್ಯಾಕಿಗೇ ಅದರಲ್ಲಿ ದೊಡ್ಡ ಪಾಲು ಹೋದರೆ ಹೊಟ್ಟೆಗೇನು ತಿನ್ನಲಿ?" ನ್ಯಾಯವಾದ ಪ್ರಶ್ನೆ. ಅದಕ್ಕೇ ನಾನು ಬಾಟಲಿಯನ್ನು ಮೋಸ ಎಂದು ಬಯ್ಯಲಿಲ್ಲ. ಅಪ್ಪನ ಆಸ್ಪತ್ರೆ ಖರ್ಚು, ತಂಗಿಯ ಕಾಲೇಜು ಫೀಜು ಎದುರಿಗಿದ್ದಾಗ ನಿಧಾನ ಜಿನುಗುವ ಸೀಲಿಗೆ ಒಂದು ಬಾಟಲಿ ಹಾಕಿ ಆರು ತಿಂಗಳು ತಳ್ಳುವುದು ಜಾಣತನವೇ. ಎರಡು ತಿಂಗಳಿಗೊಮ್ಮೆ ಒಂದು ಲೋಟ ಎಣ್ಣೆ ಕೇಳುವ ಕಾರನ್ನು ಬಾಟಲಿಯ ಮೇಲೆ ನಡೆಸಬಹುದು. ವಾರಕ್ಕೊಮ್ಮೆ ಕೇಳುವ ಕಾರನ್ನು ನಡೆಸಬಾರದು. ಇದು ನನ್ನ ಗೆರೆ.

ರ‍್ಯಾಕ್ ಎಂದ ಕೂಡಲೇ ಹೊಸದೇ ಬೇಕೆಂದೂ ಇಲ್ಲ. ಬಹಳ ಕಾರುಗಳಿಗೆ ಸೀಲ್ ಕಿಟ್ ಸಿಗುತ್ತದೆ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಬಿಡಿಭಾಗದ ಅಂಗಡಿಗಳ ಸಾಲೇ ಇದೆ. ಸಲಾಕೆಗೆ ತುಕ್ಕು ಹಿಡಿದಿಲ್ಲದಿದ್ದರೆ ಸ್ಟೀರಿಂಗ್ ಕೆಲಸವನ್ನೇ ಕಸುಬು ಮಾಡಿಕೊಂಡವರ ಹತ್ತಿರ ಕಿಟ್ ಹಾಕಿಸಬಹುದು. ಹೊಸ ರ‍್ಯಾಕಿಗಿಂತ ಎಷ್ಟೋ ಅಗ್ಗ. ಎರಡು ಕಡೆ ರೇಟ್ ಕೇಳಿ. ಬಿಚ್ಚಿದ ಹಳೆಯ ಸೀಲನ್ನು ನಿಮ್ಮ ಕೈಗೆ ಕೊಡಲು ಹೇಳಿ. ಬಿಲ್ಲು ಕೇಳಿ ಪಡೆಯಿರಿ.

ಮೆಕ್ಯಾನಿಕ್‌ನನ್ನೂ ಸುಮ್ಮನೆ ಬಯ್ಯಬೇಡಿ. "ರ‍್ಯಾಕ್ ಬಿಚ್ಚಬೇಕು" ಎಂದು ನಿಜ ಹೇಳಿದವನನ್ನು ಕಳ್ಳ ಎಂದು ಕರೆದು, "ಬಾಟಲಿ ಸಾಕು" ಎಂದವನ ಗ್ಯಾರೇಜಿಗೆ ಹೋಗುವವರು ನಾವೇ ಅಲ್ಲವೇ? ನಿಜ ಹೇಳಿದವನ ಹೊಟ್ಟೆಗೆ ಹೊಡೆದು, ಆಮೇಲೆ "ನಿಯತ್ತಿನ ಮೆಕ್ಯಾನಿಕ್ ಸಿಗಲ್ಲ ಗುರೂ" ಎಂದರೆ ಎಲ್ಲಿಂದ ಸಿಗುತ್ತಾನೆ?

ಬಾಟಲಿಯ ಮೇಲಿನ ಸಣ್ಣ ಅಕ್ಷರ

ಬಾಟಲಿಯ ಮುಂಭಾಗದಲ್ಲಿ ದಪ್ಪಕ್ಷರ: ಲೀಕ್ ನಿಲ್ಲುತ್ತದೆ. ಹಿಂಭಾಗ ತಿರುಗಿಸಿ. ಎಷ್ಟು ಎಣ್ಣೆಗೆ ಎಷ್ಟು ಮದ್ದು, ಯಾವ ಎಣ್ಣೆಯ ಜೊತೆ ಸೇರಬಾರದು, ಮುರಿದ ಹರಿದ ಭಾಗಕ್ಕೆ ಇದು ನಾಟದು ಎಂಬಂಥ ಮಾತುಗಳಿರುವುದು ಅಲ್ಲೇ. ಸಾಸಿವೆ ಕಾಳಿನ ಗಾತ್ರದ ಇಂಗ್ಲಿಷಿನಲ್ಲಿ. ಅದನ್ನು ಸುರಿಯುವ ಗ್ಯಾರೇಜಿನ ಹುಡುಗ ಓದುವ ಭಾಷೆಯಲ್ಲಿ ಒಂದಕ್ಷರ ಇರುವ ಬಾಟಲಿ ನನ್ನ ಕೈಗೆ ಇನ್ನೂ ಸಿಕ್ಕಿಲ್ಲ. ಪೊಟ್ಟಣ ಕಟ್ಟಿ ಮಾರುವ ಸರಕಿನ ಬಗ್ಗೆ ೨೦೧೧ರ ಕೇಂದ್ರ ನಿಯಮಗಳು ವಿವರ ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಇರಬೇಕು ಎನ್ನುತ್ತವೆ. ಜೊತೆಗೆ ಬೇರೆ ಭಾಷೆ ಬಳಸಲು ಅಡ್ಡಿಯಿಲ್ಲ ಎಂದೂ ಹೇಳುತ್ತವೆ. ಅಡ್ಡಿಯಿಲ್ಲದ ಮೇಲೆ ಎಚ್ಚರಿಕೆಯ ನಾಲ್ಕು ಸಾಲನ್ನು ಕನ್ನಡದಲ್ಲಿ ಅಚ್ಚು ಹಾಕಲು ಏನು ದಾಡಿ? ಅಲ್ಲಿಯವರೆಗೆ ನೀವು ಓದಿ, ಆ ಹುಡುಗನಿಗೂ ಓದಿ ಹೇಳಿ. ಅವನಿಗೆ ಕೈಚಳಕ ಗೊತ್ತು, ನಿಮಗೆ ಅಕ್ಷರ ಗೊತ್ತು. ಇಬ್ಬರೂ ಸೇರಿದರೆ ಒಂದು ಕಾರು ಸರಿಯಾಗುತ್ತದೆ.

ವಾಯಿದೆಯ ಕರಾರುಗಳು

ಇಷ್ಟೆಲ್ಲ ಕೇಳಿ, ಆದರೂ ಬಾಟಲಿ ಹಾಕುವುದೇ ಎಂದು ತೀರ್ಮಾನಿಸಿದಿರೋ? ಹಾಕಿ. ಆದರೆ ಕರಾರಿನ ಮೇಲೆ.

ಒಂದು, ಸೋರುವ ಜಾಗ ಗೊತ್ತಾದ ಮೇಲೆಯೇ ಹಾಕಿ. ಎರಡು, ಡಬ್ಬಿ ತುಂಬಿದ್ದರೆ ಸಿರಿಂಜಿನಲ್ಲಿ ಅಷ್ಟೇ ಹಳೆಯ ಎಣ್ಣೆ ತೆಗೆದು ಮದ್ದು ಹಾಕಿ, ಮೇಲಿನ ಗೆರೆ ದಾಟಿಸಬೇಡಿ. ಮೂರು, ಬಾಟಲಿ ಹೇಳಿದ ಅಳತೆಗಿಂತ ಒಂದು ಹನಿಯೂ ಹೆಚ್ಚು ಬೇಡ. ನಾಲ್ಕು, ಹಾಕಿದ ತಾರೀಖು ಬರೆದಿಟ್ಟು ವಾರಕ್ಕೊಮ್ಮೆ ಮಟ್ಟ ನೋಡಿ. ಐದು, ಒಮ್ಮೆ ಹಾಕಿದ ಮೇಲೂ ಸೋರಿಕೆ ನಿಲ್ಲದಿದ್ದರೆ ಎರಡನೆಯ ಬಾಟಲಿ ಬೇಡ, ನೇರ ರಿಪೇರಿ. ಆರು, ಸಿಕ್ಕ ವಾಯಿದೆಯಲ್ಲಿ ಪ್ರತಿ ತಿಂಗಳು ಒಂದಿಷ್ಟು ದುಡ್ಡು ರಿಪೇರಿಗೆಂದು ಎತ್ತಿಡಿ. ದುಡ್ಡು ಎತ್ತಿಡದ ವಾಯಿದೆ ಬರೀ ಆಲಸ್ಯ.

ಘಾಟಿ ರಸ್ತೆಗೆ ಇಂಥ ಕಾರು ಒಯ್ಯಬೇಡಿ. ಆಗುಂಬೆಯ ೧೪ ಹಿಮ್ಮುರಿ ತಿರುವುಗಳು ನಿಮ್ಮ ಸೀಲನ್ನು ಪರೀಕ್ಷೆ ಮಾಡುವ ಜಾಗವಲ್ಲ. ಊರೊಳಗೂ ಸ್ಟೀರಿಂಗನ್ನು ತುದಿಯವರೆಗೆ ತಿರುಗಿಸಿ ಹಿಡಿದುಕೊಂಡು ಕೂರಬೇಡಿ. ಒತ್ತಡ ಗರಿಷ್ಠಕ್ಕೆ ಏರಿ ಎಣ್ಣೆ ಕಾಯುವುದು ಆಗಲೇ. 'ಕುಂಯ್ಯ್' ಎಂದು ನರಳಿದರೆ ನಿಲ್ಲಿಸಿ ಡಬ್ಬಿ ನೋಡಿ. ಎಣ್ಣೆಯಿಲ್ಲದೆ ಓಡಿದ ಪಂಪ್ ತನ್ನನ್ನು ತಾನೇ ತಿಂದುಕೊಳ್ಳುತ್ತದೆ. ನಡುದಾರಿಯಲ್ಲಿ ಸ್ಟೀರಿಂಗ್ ಕಲ್ಲಾದರೆ ಗಾಬರಿ ಬೀಳಬೇಡಿ. ಚಕ್ರಕ್ಕೂ ಸ್ಟೀರಿಂಗಿಗೂ ನಡುವಿನ ಕಬ್ಬಿಣದ ನಂಟು ಕಡಿದಿರುವುದಿಲ್ಲ, ಹೋಗಿರುವುದು ಎಣ್ಣೆಯ ಬಲ ಮಾತ್ರ. ವೇಗ ಇಳಿಸಿ, ಎರಡೂ ಕೈಯಲ್ಲಿ ಬಲವಾಗಿ ತಿರುಗಿಸಿ, ಪಕ್ಕಕ್ಕೆ ತಂದು ನಿಲ್ಲಿಸಿ.

ತೆಗೆದ ಹಳೆಯ ಎಣ್ಣೆಯನ್ನು ಚರಂಡಿಗೆ ಚೆಲ್ಲಬೇಡಿ. ೨೦೧೬ರ ನಿಯಮಗಳ ಪ್ರಕಾರ ಬಳಸಿದ ಎಣ್ಣೆ ಅಪಾಯಕಾರಿ ತ್ಯಾಜ್ಯ. ಕ್ಯಾನಿನಲ್ಲಿ ತುಂಬಿ ಹಳೆಯ ಎಣ್ಣೆ ಸಂಗ್ರಹಿಸುವ ಗ್ಯಾರೇಜಿಗೆ ಕೊಡಿ. ನಮ್ಮ ಕೆರೆಗಳು ಕುಡಿದಿರುವ ವಿಷ ಸಾಲದೇ?

ಕೊನೆಯ ಮಾತು

ನಾಳೆ ನೀವೂ ನಿಮ್ಮ ಹಳೆಯ ಕಾರನ್ನು ಮಾರುತ್ತೀರಿ. ಕೊಳ್ಳಲು ಬರುವವನು ನಿಮ್ಮ ಹಾಗೇ ಮೊದಲ ಕೆಲಸಕ್ಕೆ ಸೇರಿದ ಹುಡುಗ. ಚಿತ್ರದುರ್ಗದಿಂದಲೋ ಕೊಪ್ಪಳದಿಂದಲೋ ಬಂದು, ಸಂಬಳದಲ್ಲಿ ಉಳಿಸಿ, ಅಪ್ಪ ಅಮ್ಮನನ್ನು ಕೂರಿಸಿಕೊಂಡು ಊರಿಗೆ ಹೋಗಬೇಕೆಂದು ಕನಸು ಕಟ್ಟಿಕೊಂಡವನು. ಅವನು ಬಾನೆಟ್ ಎತ್ತಿ ಖುಷಿಯಾಗಿ ನೋಡುತ್ತಿರುವಾಗ ನಿಮ್ಮ ಬಾಯಿಂದ ಒಂದು ಮಾತು ಬರಬೇಕು: "ಸ್ಟೀರಿಂಗಿಗೆ ಮದ್ದು ಹಾಕಿದ್ದೇನೆ ತಮ್ಮಾ, ಇಂಥ ದಿನ ಹಾಕಿದೆ. ಸೀಲ್ ಬದಲಿಸಬೇಕು. ಅಷ್ಟು ದುಡ್ಡು ಕಮ್ಮಿ ಕೊಡು."

ನಿಮಗೆ ಒಂದಿಷ್ಟು ಸಾವಿರ ಕಮ್ಮಿ ಸಿಗಬಹುದು. ಆದರೆ ಯಾವುದೋ ಘಾಟಿಯ ತಿರುವಿನಲ್ಲಿ, ಎದುರಿಗೆ ಬಸ್ಸು ಬರುತ್ತಿರುವಾಗ, ಹಿಂದಿನ ಸೀಟಿನಲ್ಲಿ ಒಬ್ಬ ತಾಯಿ ದೇವರ ಹೆಸರು ಹೇಳಬೇಕಾಗುವುದಿಲ್ಲ.

ಬಾಟಲಿ ಸೋರಿಕೆಯನ್ನು ನಿಲ್ಲಿಸಲಿ. ನಿಮ್ಮ ಬಾಯನ್ನು ಮುಚ್ಚಿಸದಿರಲಿ!